1:10 ಕ್ಯಾಲ್ಡೇರಿಯಂ: ಬಿಸಿನೀರಿನ ಕೊಳ ಸೋರುವುದು ನಿಂತಿತು

ರೋಮನ್ ಸ್ನಾನಗೃಹದ ಬಿಸಿ ಕೋಣೆಯನ್ನು, ಅಂದರೆ ಕ್ಯಾಲ್ಡೇರಿಯಂ ಅನ್ನು, ಹತ್ತನೇ ಒಂದು ಅಳತೆಯ ಮಾದರಿಯಾಗಿ ಕಟ್ಟುತ್ತಿದ್ದೇನೆ. ಅಂತೂ ಅದರ ಕೊಳ ನೀರು ಹಿಡಿಯಿತು. ಆವಿಯಾಗದಂತೆ ಮೇಲೆ ಗಾಜು ಮುಚ್ಚಿ 24 ಗಂಟೆ ಬಿಟ್ಟರೂ ಪೆನ್ಸಿಲ್ ಗೆರೆಯಿಂದ ನೀರು ಕೆಳಗಿಳಿಯಲಿಲ್ಲ.

ಹೈಪೊಕಾಸ್ಟ್, ಅಂದರೆ ಒಲೆಯ ಬಿಸಿಗಾಳಿ ಹಾಯುವ ನೆಲದಡಿಯ ಪೊಳ್ಳು, ಅದರ ಕಂಬಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ರೋಮನ್ ವಾಸ್ತುಶಿಲ್ಪಿ ವಿಟ್ರುವಿಯಸ್ ಕೊಟ್ಟ ಅಳತೆಯೇ: ಎಂಟು ಅಂಗುಲದ ಇಟ್ಟಿಗೆ, ಎರಡಡಿ ಎತ್ತರದ ಕಂಬ, ಮೇಲೆ ಎರಡಡಿ ಚಚ್ಚೌಕದ ಹೆಂಚು. ರೋಮನ್ ಅಡಿ 29.6 ಸೆಂ.ಮೀ. ಆದ್ದರಿಂದ ಮಾದರಿಯಲ್ಲಿ ಇಟ್ಟಿಗೆ 20 ಮಿ.ಮೀ., ಕಂಬ 59 ಮಿ.ಮೀ. ಚೆಂಡು ಉರುಳಿಸಿದರೆ ಒಲೆಯ ಬಾಯಿಗೇ ವಾಪಸು ಬರುವಷ್ಟು ಕೆಳನೆಲ ಇಳಿಜಾರಿರಬೇಕು ಎಂದು ಅವನೇ ಹೇಳಿದ್ದಾನೆ. ಮಾದರಿಯಲ್ಲಿ ಗೋಲಿ ಉರುಳಿಸಿ ನೋಡಿದರೆ ಸಾಕು.

ಗೋಳು ಕೊಟ್ಟದ್ದು ಕೊಳದ ಗಾರೆ. ರೋಮನ್ನರು ತೊಟ್ಟಿಗೆ ಬಳಿಯುತ್ತಿದ್ದದ್ದು ಸುಣ್ಣಕ್ಕೆ ಹೆಂಚು, ಮಡಕೆ ಚೂರಿನ ಪುಡಿ ಬೆರೆಸಿದ ಗಾರೆ. ನಮ್ಮ ಸುರ್ಕಿ (ಸುಟ್ಟ ಇಟ್ಟಿಗೆಯ ಪುಡಿ) ಗಾರೆಯೂ ಅದೇ ಜಾತಿಯದು, ಕೃಷ್ಣರಾಜಸಾಗರ ಅಣೆಕಟ್ಟೆಯನ್ನು ಕಟ್ಟಿದ್ದು ಅದರಲ್ಲೇ. ಸುರ್ಕಿಗೆ ಬರ ಬರಬಾರದು ಅಂದುಕೊಳ್ಳುತ್ತೀರಿ. ಆದರೆ ಈಗ ಅಂಗಡಿಯಲ್ಲಿ ಆ ಹೆಸರಿನಲ್ಲಿ ಸಿಗುವ ಚೀಲದಲ್ಲಿ ಅರ್ಧ ಹಸಿ ಕೆಮ್ಮಣ್ಣು. ಒಂದು ಹಿಡಿಗೆ ನೀರು ಹಾಕಿ ನಾದಿ, ಅಂಗೈಯಲ್ಲಿ ಹೊಸೆಯಿರಿ. ದಾರದಂತೆ ಎಳೆ ಬಂದರೆ ಮಣ್ಣು, ಪುಡಿಪುಡಿಯಾಗಿ ಉದುರಿದರೆ ಸುರ್ಕಿ.

ಮಣ್ಣಿಲ್ಲದ ಪುಡಿಯೂ ಕೈಕೊಡುತ್ತದೆ. ಜೇಡಿ ಸುಮಾರು 600ರಿಂದ 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಂದಿದ್ದರೆ ಅದರ ಸಿಲಿಕಾ, ಅಲ್ಯುಮಿನಾ ಸುಣ್ಣದ ಜೊತೆ ಕೂಡಿ ನೀರಿನಲ್ಲೂ ಕರಗದ ಬಂಧ ಕಟ್ಟುತ್ತವೆ. ಅದಕ್ಕಿಂತ ಹೆಚ್ಚು ಬೆಂದು ಕಪ್ಪಿಟ್ಟ ಇಟ್ಟಿಗೆಯ ಪುಡಿ ಬರೀ ಕೆಂಪು ಮರಳು. ಕಟ್ಟಡಕ್ಕೆ ಒಳ್ಳೆಯ ಇಟ್ಟಿಗೆ ಇದಕ್ಕೆ ಕೆಟ್ಟದ್ದು! ಕುಂಬಾರರ ಆವಿಗೆಯಲ್ಲಿ ಬೆಂದ ಒಡಕು ಮಡಕೆಗಳೇ ಸರಿಯಾದ ಮಾಲು. ಪರೀಕ್ಷೆ ಸುಲಭ: ಪುಡಿ ಒಂದು ಪಾಲು, ಸುಣ್ಣ ಒಂದು ಪಾಲು ಕಲಸಿ ಬಿಲ್ಲೆ ತಟ್ಟಿ, ಮುಚ್ಚಿದ ಡಬ್ಬಿಯಲ್ಲಿ ಒದ್ದೆ ಬಟ್ಟೆಯೊಳಗೆ ಎರಡು ವಾರ ಇಟ್ಟು, ಆಮೇಲೆ ನೀರಿಗೆ ಹಾಕಿ. ಕೆಸರಾದರೆ ಪುಡಿ ಎಸೆಯಿರಿ.

ಸುಣ್ಣದಲ್ಲೂ ಅದೇ ಕಥೆ. ಬಣ್ಣದಂಗಡಿಯ ಪುಡಿಸುಣ್ಣ ಬಹಳ ಸಲ ಗಾಳಿ ಕುಡಿದು ಸತ್ತಿರುತ್ತದೆ. ಹರಳು ಸುಣ್ಣವನ್ನೇ ಕೇಳಿ. ನೀರು ಬಿದ್ದ ಕೆಲವೇ ನಿಮಿಷದಲ್ಲಿ ಕುದಿಯದಿದ್ದರೆ ಅಂಗಡಿಯವನಿಗೇ ವಾಪಸು. ಕನ್ನಡಕ, ಕೈಗವಸು ಬಿಡಬೇಡಿ. ಅರಳಿಸಿ, ಸೋಸಿ, ಮೇಲೆ ನೀರು ನಿಲ್ಲಿಸಿ ಕನಿಷ್ಠ ಒಂದು ತಿಂಗಳು ಇಡಿ. ಮೂರು ವರ್ಷ ಹಳತಾಗದ ಸುಣ್ಣವನ್ನು ಗುತ್ತಿಗೆದಾರ ಬಳಸಬಾರದೆಂಬ ಹಳೆಯ ಕಟ್ಟಳೆಯನ್ನು ರೋಮನ್ ಲೇಖಕ ಪ್ಲಿನಿ ನೆನೆಯುತ್ತಾನೆ. ಆ ಕಟ್ಟಳೆ ಈಗಿದ್ದಿದ್ದರೆ ಯಾರ ಮನೆಯೂ ಏಳುತ್ತಿರಲಿಲ್ಲ.

ಕೊಳಕ್ಕೆ ಮೂರು ಲೇಪ. ಮೊದಲನೆಯದು 6 ಮಿ.ಮೀ.: ಸುಣ್ಣ 1, ಸುರ್ಕಿ 2, ಕಾಳು 2-3 ಮಿ.ಮೀ. ಎರಡನೆಯದು 4 ಮಿ.ಮೀ., ಪಾಕ ಅದೇ, ಕಾಳು 1 ಮಿ.ಮೀ.ಗಿಂತ ಸಣ್ಣದು. ಮೂರನೆಯದು 2 ಮಿ.ಮೀ., ಬಟ್ಟೆಯಲ್ಲಿ ಜರಡಿ ಹಿಡಿದ ಪುಡಿ ಮತ್ತು ಸುಣ್ಣ ಸಮಸಮ, ನುಣುಪು ಬೆಣಚುಕಲ್ಲಿನಿಂದ ಉಜ್ಜಿದ್ದು. ಹಿಂದಿನ ಲೇಪ ಉಗುರಿಗೆ ಗಟ್ಟಿ, ಆದರೆ ಇನ್ನೂ ತಣ್ಣಗೆ ಇರುವಾಗಲೇ ಮುಂದಿನದು ಬೀಳಬೇಕು.

ಇಷ್ಟಾದರೂ ನೀರು ಜಿನುಗುತ್ತಿದ್ದದ್ದು ನೆಲ ಗೋಡೆ ಸೇರುವ ಮೂಲೆಯಲ್ಲಿ. ನೆಲಕ್ಕೆ ಕೆಳಗಿನಿಂದ ಬೆಂಕಿ, ಗೋಡೆ ಅಷ್ಟು ಬಿಸಿಯಿಲ್ಲ. ಎರಡೂ ಹಿಗ್ಗುವುದು ಬೇರೆ ಬೇರೆ, ಕೂದಲೆಳೆಯ ಬಿರುಕು ಸಂದಿಯಲ್ಲೇ ಬಾಯಿ ಬಿಡುತ್ತದೆ. ಉಪಾಯ ರೋಮನ್ ತೊಟ್ಟಿಗಳಲ್ಲೇ ಇದೆ: ಮೂಲೆಗುಂಟ ಕಾಲುವೃತ್ತದ ಗಾರೆದಿಂಡು. ಮಾದರಿಗೆ 12 ಮಿ.ಮೀ. ತ್ರಿಜ್ಯ, ಮೊದಲ ಲೇಪ ಹಸಿಯಿರುವಾಗಲೇ, ಅದೇ ಗಾರೆಯಲ್ಲಿ. ಚೂಪು ಮೂಲೆ ಹೋದದ್ದರಿಂದ ಕೊಳೆ ನಿಲ್ಲದೆ ಉಜ್ಜುವುದೂ ಹಗುರ. ಎಣ್ಣೆ, ಬೆವರು, ಕೊಳಕು, ಜಿಡ್ಡುನೀರು ಎಂದು ರೋಮನ್ ಚಕ್ರವರ್ತಿ ಮಾರ್ಕಸ್ ಅರೇಲಿಯಸ್ ಸ್ನಾನವನ್ನು ವರ್ಣಿಸಿದ್ದು ಓದಿದರೆ ಆ ಉಜ್ಜಾಟ ಎಷ್ಟು ಅಗತ್ಯವಿತ್ತೆಂದು ಗೊತ್ತಾಗುತ್ತದೆ. ಗಾಯ ಇನ್ನೂ ಶುದ್ಧವಾಗಿಲ್ಲದಾಗ ಸ್ನಾನ ಬೇಡ, ಅದು ಕೊಳೆಯಬಹುದು ಎಂದು ರೋಮನ್ ವೈದ್ಯ ಲೇಖಕ ಸೆಲ್ಸಸ್ ಎಚ್ಚರಿಸಿದ್ದೂ ಇಂಥ ನೀರಿನ ಕಾಲದಲ್ಲೇ.

    

 ಗಾರೆ ಮುಗಿದ ಮೇಲೆ ಒಂದು ತಿಂಗಳು ಒದ್ದೆ ಗೋಣಿ ಹೊದಿಸಿಡಿ, ಫ್ಯಾನ್ ಗಾಳಿ ಬೀಳದಿರಲಿ. ಆಮೇಲೆ ನೀರು ತುಂಬಿಯೇ ಒಲೆ ಹಚ್ಚಬೇಕು. ಖಾಲಿ ಕೊಳಕ್ಕೆ ಉರಿ ಕೊಟ್ಟರೆ ಗಾರೆಯೊಳಗಿನ ತೇವ ಆವಿಯಾಗಿ ಚಕ್ಕೆ ಏಳಿಸುತ್ತದೆ. ಮೊದಲ ದಿನ 40 ಡಿಗ್ರಿ ದಾಟಿಸಬೇಡಿ. ಮೊದಮೊದಲ ನೀರು ಸುಣ್ಣದ ಕ್ಷಾರದಿಂದ ಕೈ ಸುಡುತ್ತದೆ, ಬದಲಾಯಿಸುತ್ತಿರಿ.

ಉಳಿದದ್ದು ಟೆಸ್ಟುಡೊ, ಅಂದರೆ ಒಲೆಯ ಮೇಲೆ ಕೂತು ಕೊಳಕ್ಕೆ ಬಾಯಿ ತೆರೆದ ಅರ್ಧ ಉರುಳೆಯ ಕಂಚಿನ ಪಾತ್ರೆ. ಅದರ ತಳ ಕೊಳದ ತಳಕ್ಕಿಂತ ಸ್ವಲ್ಪ ತಗ್ಗು. ತಣಿದ ನೀರು ತಾನಾಗಿ ಇಳಿದು, ಕಾದು, ಮೇಲೇರುತ್ತದೆ. ಮಾದರಿಗೆ ತಾಮ್ರದ ತಗಡು. ತಾಮ್ರ ಗಾರೆಗಿಂತ ಹೆಚ್ಚು ಹಿಗ್ಗುವುದರಿಂದ ಮುಂದಿನ ಸೋರಿಕೆ ಎಲ್ಲಿಂದ ಎಂಬುದು ಈಗಲೇ ಗೊತ್ತು. ಅಂಚನ್ನು 10 ಮಿ.ಮೀ. ಹೊರಕ್ಕೆ ಮಡಿಸಿ, ನಾರು ಬೆರೆಸಿದ ಸುಣ್ಣದ ಗಾರೆಯಲ್ಲಿ ಕೂರಿಸಿ ನೋಡುವುದು.