ಪೋ ಸಮಾಧಿಗೆ ಹೋಗ್ತೀರಾ? ಹಿತ್ತಲಿನಿಂದ ಶುರು ಮಾಡಿ

ವಾಷಿಂಗ್ಟನ್‌ನಲ್ಲಿ ಅಕ್ಕನ ಮನೆಯಲ್ಲಿದ್ದಾಗ ಒಂದು ಶನಿವಾರ ಬಾಲ್ಟಿಮೋರ್‌ಗೆ ಹೋಗಿಬಂದೆವು. ಮೈ ಜುಮ್ಮೆನ್ನಿಸುವ ಕಥೆಗಳನ್ನು ಬರೆದ ಅಮೆರಿಕದ ಎಡ್ಗರ್ ಅಲನ್ ಪೋ ಮಲಗಿರುವುದು ಅಲ್ಲೇ. ವಾರದ ದಿನವಾದರೆ ಮಾರ್ಕ್ ಎಂಬ ಲೋಕಲ್ ರೈಲಿನಲ್ಲಿ ಕ್ಯಾಮ್ಡನ್ ಸ್ಟೇಷನ್‌ಗೆ ಹೋಗಿ, ಅಲ್ಲಿಂದ ನಡೆದುಬಿಡಬಹುದು. ಶನಿವಾರ, ಭಾನುವಾರ ಕ್ಯಾಮ್ಡನ್‌ಗೆ ಹೋಗುವ ಆ ರೈಲಿಲ್ಲ. ಪೆನ್ ಸ್ಟೇಷನ್‌ನಲ್ಲಿ ಇಳಿದು ಟ್ಯಾಕ್ಸಿ ಹಿಡಿಯಬೇಕು.

ಫಯೆಟ್ ಮತ್ತು ಗ್ರೀನ್ ಬೀದಿಗಳು ಸೇರುವ ಮೂಲೆಯಲ್ಲಿ ವೆಸ್ಟ್‌ಮಿನ್‌ಸ್ಟರ್ ಸ್ಮಶಾನ. ಹಗಲಲ್ಲಿ ಸುಮ್ನೆ ಒಳಗೆ ಹೋಗಬಹುದು, ಟಿಕೆಟ್ ಇಲ್ಲ. ಗೇಟಿನ ಪಕ್ಕದಲ್ಲೇ ದೊಡ್ಡ ಬಿಳಿ ಸ್ಮಾರಕ. ಜಾಸ್ತಿ ಜನ ಅಲ್ಲೇ ಸೆಲ್ಫಿ ತೆಗೆದು ವಾಪಸ್ ಹೋಗುತ್ತಾರೆ. ನೀವು ಹಾಗೆ ಮಾಡಬೇಡಿ, ಮೊದಲು ಹಿಂದುಗಡೆ ಹೋಗಿ.

1849ರಲ್ಲಿ ಪೋನನ್ನು ಹೂತದ್ದು ಹಿಂದೆಯೇ. ನೆಂಟನೊಬ್ಬ ಕಲ್ಲು ಮಾಡಿಸಿದನಂತೆ. ಆದರೆ ಕಲ್ಲುಕುಟಿಗನ ಅಂಗಳಕ್ಕೇ ರೈಲು ಹಳಿ ತಪ್ಪಿ ನುಗ್ಗಿ ಅದು ಪುಡಿಯಾಯಿತಂತೆ! ಬಹಳ ವರ್ಷ 80 ಎಂಬ ನಂಬರಿನ ಗುರುತು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಈಗಿರುವ ಕಲ್ಲಿನ ಮೇಲೆ ಪೋನ ಹೆಸರಾಂತ ಕವಿತೆಯ ರೇವನ್ ಹಕ್ಕಿ ಇದೆ, ನಮ್ಮ ಕಾಗೆಯ ದೊಡ್ಡಣ್ಣ. ಸಮಾಧಿ ಮೇಲೆ ಕಾಗೆ ನೋಡಿದರೆ ನಮಗೆ ಪಿಂಡ ನೆನಪಾಗುತ್ತದೆ, ಅಲ್ವಾ?

1875ರಲ್ಲಿ ಶವವನ್ನು ಮುಂದಿನ ಮೂಲೆಗೆ ತಂದರು. ಹುಟ್ಟಿದ್ದು ಜನವರಿ 19, 1809. ಸ್ಮಾರಕದ ಮೇಲೆ ಮಾತ್ರ ಜನವರಿ 20 ಎಂದು ಕೆತ್ತಿದ್ದಾರೆ. ಹತ್ತಿರ ಹೋಗಿ ಓದಿ ನೋಡಿ.

ಸಾವಿನ ಕಥೆ ಇನ್ನೂ ಗೋಜಲು. 1849ರ ಅಕ್ಟೋಬರ್ 3, ಚುನಾವಣೆಯ ದಿನ. ಒಂದು ಹೆಂಡದಂಗಡಿಯಲ್ಲಿ, ಯಾರದೋ ಬಟ್ಟೆ ತೊಟ್ಟು, ಮೈಮೇಲೆ ಎಚ್ಚರವಿಲ್ಲದೆ ಸಿಕ್ಕ. ನಾಲ್ಕು ದಿನಕ್ಕೆ ಆಸ್ಪತ್ರೆಯಲ್ಲಿ ತೀರಿಕೊಂಡ. ಕುಡಿತ ಅಂದವರುಂಟು, ಹುಚ್ಚುನಾಯಿ ರೋಗ ಅಂದವರುಂಟು. ವೇಷ ಬದಲಿಸಿ ಮತ್ತೆ ಮತ್ತೆ ಓಟು ಹಾಕಿಸುವ ಪುಂಡರ ಕೈಗೆ ಸಿಕ್ಕ ಅನ್ನುವುದು ನನಗೆ ಹೆಚ್ಚು ನಂಬುವ ಹಾಗಿದೆ. ಬಟ್ಟೆಯ ಲೆಕ್ಕ ಅದರಲ್ಲಿ ಮಾತ್ರ ತಾಳೆಯಾಗುತ್ತದೆ.

ಅಕ್ಕನಿಗೆ ಇಷ್ಟವಾದದ್ದು ಮುಸುಕಿನ ಮನುಷ್ಯನ ಕಥೆ. ದಶಕಗಳ ಕಾಲ ಪ್ರತಿ ಜನವರಿ 19ರ ಬೆಳಗಿನ ಜಾವ ಯಾರೋ ಬಂದು ಮೂರು ಗುಲಾಬಿ, ಅರ್ಧ ಬಾಟಲಿ ಕೋನ್ಯಾಕ್ ಎಂಬ ಫ್ರೆಂಚ್ ಬ್ರಾಂಡಿ ಇಟ್ಟು ಹೋಗುತ್ತಿದ್ದರು. ಗುಲಾಬಿ ಪೋಗೆ, ಹೆಂಡತಿ ವರ್ಜೀನಿಯಾಗೆ, ಅತ್ತೆ ಮರಿಯಾಗೆ ಅಂತ ಊಹೆ. ಮೂವರೂ ಈಗ ಅಲ್ಲೇ ಇದ್ದಾರೆ. 2010ರಿಂದ ಆ ಮನುಷ್ಯ ಬರಲಿಲ್ಲ. ಯಾರೆಂದು ಕೊನೆಗೂ ತಿಳಿಯಲಿಲ್ಲ.

ಹಳೇ ಗೋರಿಗಳ ಮೇಲೇ ಕಮಾನು ಕಟ್ಟಿ ಚರ್ಚ್ ಎಬ್ಬಿಸಿದ್ದಾರೆ. ಅದರ ಅಡಿಯ ಗೋರಿಗಳನ್ನು ಗೈಡ್ ಜೊತೆ ಮಾತ್ರ ನೋಡಬಹುದು, ಮೊದಲೇ ವಿಚಾರಿಸಿ. ನಾರ್ತ್ ಆಮಿಟಿ ಬೀದಿಯ ಪೋ ಮನೆಗೂ ಅಷ್ಟೇ, ತೆರೆದಿರುವ ದಿನ ನೋಡಿಕೊಂಡು ಹೋಗಿ. ಮೆಟ್ಟಿಲು ತುಂಬಾ ಕಿರಿದು, ಮಂಡಿನೋವಿನವರು ಯೋಚಿಸಿ.

ಸ್ಮಾರಕಕ್ಕೆ ಅಂದು ಶಾಲಾ ಮಕ್ಕಳೂ ಪೆನ್ನಿ, ಅಂದರೆ ಒಂದು ಸೆಂಟಿನ ನಾಣ್ಯ, ಕೂಡಿಸಿದ್ದರು. ಈಗಲೂ ಜನ ಕಲ್ಲಿನ ಮೇಲೆ ಪೆನ್ನಿ ಇಡುತ್ತಾರೆ. ನನ್ನ ಹತ್ತಿರ ಪೆನ್ನಿ ಇರಲಿಲ್ಲ. ಪರ್ಸಿನ ಮೂಲೆಯಲ್ಲಿ ಉಳಿದಿದ್ದ ಎರಡು ರೂಪಾಯಿ ಇಟ್ಟು ಬಂದೆ.