ಹಡಗಿನ ಊಟದ ಟೇಬಲ್‌ನಲ್ಲಿ ಯಾರ ಪಕ್ಕ ಕೂರೋದು?

ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಿಗ್ಗೆ ವಾಕಿಂಗ್ ಬರುವವರು, ಕುವೆಂಪುನಗರದ ತರಕಾರಿ ಅಂಗಡಿಯಲ್ಲಿ ಎದುರಾಗುವವರು, ನಾನು ಲೆಕ್ಕದ ಪಾಠ ಮಾಡುತ್ತಿದ್ದ ಶಾಲೆಯ ಹಳೇ ಮೇಡಮ್ಮುಗಳು, ಎಲ್ಲರದ್ದೂ ಒಂದೇ ಪ್ರಶ್ನೆ. "ಅಲ್ಲ ಮೇಡಂ, ಹಡಗಿನಲ್ಲಿ ರಾತ್ರಿ ಊಟಕ್ಕೆ ಗುರುತು ಪರಿಚಯ ಇಲ್ಲದವರ ಜೊತೆ ಕೂರಿಸ್ತಾರಂತಲ್ಲ? ಯಾರ ಜೊತೆ ಕೂತರೆ ಒಳ್ಳೇದು?" ಅಲಾಸ್ಕಾದ ಹಿಮನದಿ ಹೇಗಿತ್ತು ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಊಟಕ್ಕೆ ಪಕ್ಕದಲ್ಲಿ ಯಾರಿದ್ದರು ಅನ್ನೋದು ಬೇಕು.

ನಾವು ಕ್ರೂಸ್ ಹಡಗು, ಅಂದರೆ ಊರೂರು ಸುತ್ತಿಸುವ ಪ್ರವಾಸದ ಹಡಗು, ಹತ್ತಿದ್ದು ಎರಡೇ ಸಲ. 2017ರಲ್ಲಿ ಸಿಂಗಪುರದಿಂದ ಹೊರಟು ಪೆನಾಂಗ್, ಫುಕೆಟ್ ನೋಡಿಕೊಂಡು ಬರುವ ನಾಲ್ಕು ರಾತ್ರಿ. 2023ರಲ್ಲಿ ಮಗನ ಮನೆಗೆ ಹೋದಾಗ ಸಿಯಾಟಲ್‌ನಿಂದ ಅಲಾಸ್ಕಾಕ್ಕೆ ಏಳು ರಾತ್ರಿ. ಒಟ್ಟು ಹನ್ನೊಂದು ಊಟ. ಅಷ್ಟರಿಂದಲೇ ಹೇಳ್ತಿದ್ದೀನಿ. ಆರು ಜನರ ಗುಂಡು ಟೇಬಲ್ ಕೇಳಿ. ನಮ್ಮ ಕಡೆಯವರನ್ನು ಹುಡುಕಿಕೊಂಡು ಹೋಗಬೇಡಿ. ನಿಮ್ಮಷ್ಟೇ ಹೊತ್ತು ತಗೊಂಡು ಉಣ್ಣುವವರು ಸಿಕ್ಕರೆ ಅವರನ್ನು ಬಿಡಬೇಡಿ.

ವ್ಯವಸ್ಥೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಹಡಗಿನಲ್ಲಿ ಬಫೆ ಇದ್ದೇ ಇರುತ್ತದೆ, ತಟ್ಟೆ ಹಿಡಿದುಕೊಂಡು ಎಲ್ಲಿ ಬೇಕಾದರೂ ಕೂರಬಹುದು. ಅದು ಬಿಟ್ಟು ಒಂದು ದೊಡ್ಡ ಊಟದ ಹಾಲ್ ಇರುತ್ತದೆ. ಅಲ್ಲಿ ಬಡಿಸುವವರು ಬಂದು ಬಡಿಸುತ್ತಾರೆ. ಅದರಲ್ಲಿ ಎರಡು ದಾರಿ. ಒಂದು, ದಿನಾ ಅದೇ ಸಮಯ, ಅದೇ ಟೇಬಲ್, ಅದೇ ಜನ, ಅದೇ ವೇಟರ್. ಮೊದಲ ಪಂಕ್ತಿ ಸಂಜೆ ಐದೂವರೆ ಆರಕ್ಕೆ, ಎರಡನೇ ಪಂಕ್ತಿ ಎಂಟರ ಸುಮಾರಿಗೆ. ಇನ್ನೊಂದು, ಇಷ್ಟ ಬಂದಾಗ ಹೋಗೋದು. ಬಾಗಿಲಲ್ಲಿ ನಿಂತಿರುವವರು "ಬೇರೆಯವರ ಜೊತೆ ಕೂರ್ತೀರಾ, ನಿಮಗೇ ಟೇಬಲ್ ಬೇಕಾ?" ಅಂತ ಕೇಳುತ್ತಾರೆ. ಟೇಬಲ್‌ಗಳು ಇಬ್ಬರದ್ದರಿಂದ ಹಿಡಿದು ಹತ್ತು ಜನರದ್ದರವರೆಗೆ.

ಗುರುತಿಲ್ಲದವರ ಜೊತೆ ಉಣ್ಣೋದು ನಮಗೆ ಹೊಸದೇನಲ್ಲ, ಅಲ್ವಾ? ನಜರ್‌ಬಾದಿನ ಮೈಲಾರಿ ಹೋಟೆಲಿಗೆ ಭಾನುವಾರ ಬೆಳಿಗ್ಗೆ ಹೋಗಿ ನೋಡಿ. ಯಾರದೋ ಎದುರು, ಯಾರದೋ ಪಕ್ಕ, ಮೊಣಕೈ ತಾಗಿಸಿಕೊಂಡು ಬೆಣ್ಣೆ ದೋಸೆ ತಿಂದು ಬರ್ತೀವಿ. ಎದುರಿಗಿರುವವರ ದೋಸೆ ನೋಡ್ತೀವಿ, ಮುಖ ನೋಡಲ್ಲ. ಅವರ ದೋಸೆ ಮೊದಲು ಬಂತಾ, ನಮ್ಮದು ಮೊದಲು ಬಂತಾ, ಅಷ್ಟೇ ಸಂಬಂಧ. ಹಡಗಿನಲ್ಲಿ ಮಾತಾಡಬೇಕು. ಅಲ್ಲೇ ಬಂದದ್ದು ಕಷ್ಟ.

ಆ ಕಷ್ಟವೇ ಬೇಡ ಅಂತ ನಮ್ಮ ಯಜಮಾನರು ಸಿಂಗಪುರದ ಹಡಗಿನಲ್ಲಿ ಇಬ್ಬರ ಟೇಬಲ್ ಹೇಳಿದ್ದರು. ಕಿಟಕಿ ಪಕ್ಕ, ಬಿಳಿ ಬಟ್ಟೆ ಹಾಸಿದ ಪುಟ್ಟ ಟೇಬಲ್. ಸೂಪು ಬರುವಷ್ಟರಲ್ಲಿ ಮಾತು ಮುಗಿದಿತ್ತು. ಮೂವತ್ತು ವರ್ಷ ಎದುರುಬದುರು ಕೂತು ಉಂಡವರಿಗೆ ಹೊಸದಾಗಿ ಹೇಳೋಕೆ ಏನಿರುತ್ತೆ? ಹೊರಗೆ ಮಲಕ್ಕಾ ಜಲಸಂಧಿ, ದೂರದಲ್ಲಿ ಸರಕು ಹಡಗುಗಳ ದೀಪ. ಅವರು ಅದನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಸಂಪಿನ ಮೋಟ್ರು ಆಫ್ ಮಾಡಿದ್ಯಾ?" ಅಂದರು. ಆಫ್ ಮಾಡಿದ್ದೆ. ಆದರೆ ಅವರು ಕೇಳಿದ ಮೇಲೆ ನನಗೂ ಅನುಮಾನ ಶುರುವಾಯಿತು. ಉಳಿದ ಊಟ ಪೂರ್ತಿ ಮೋಟ್ರಿನ ಮೇಲೇ ನಡೆಯಿತು.

ಇನ್ನೊಂದು ವಿಷಯ. ಇಬ್ಬರ ಟೇಬಲ್‌ಗಳನ್ನು ಸಾಲಾಗಿ ಒಂದು ಮೊಳ ಅಂತರದಲ್ಲಿ ಹಾಕಿರುತ್ತಾರೆ. ಪಕ್ಕದವರ ಮಾತೆಲ್ಲ ಕಿವಿಗೆ ಬೀಳುತ್ತದೆ, ಮಧ್ಯೆ ಬಾಯಿ ಹಾಕುವ ಹಾಗಿಲ್ಲ. ಇದಕ್ಕಿಂತ ಹಿಂಸೆ ಬೇಕಾ?

ಮಾರನೇ ದಿನ ಯಜಮಾನರೇ ಹೋಗಿ, ನಮ್ಮ ಕಡೆಯವರು ಯಾರಾದರೂ ಇದ್ದಾರಾ ಅಂತ ವಿಚಾರಿಸಿದರು. ಉಡುಪಿ ಕಡೆಯ ಒಬ್ಬ ವೇಟರ್ ಹುಡುಗ ಖುಷಿಯಿಂದ ಹತ್ತು ಜನರ ಟೇಬಲ್‌ಗೆ ಕರೆದುಕೊಂಡು ಹೋಗಿ ಕೂರಿಸಿದ. ಎಲ್ಲರೂ ಭಾರತದವರೇ. ಒಳ್ಳೇ ಜನ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರಲ್ಲಿ ಎಂಟು ಜನ ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟದ ಜೈನರು. ನಾನು ಮಂಡ್ಯದ ಮಗಳು. ಬೀಗರ ಊಟ ಉಂಡು ಬೆಳೆದವಳು. ಮೆನುವಿನಲ್ಲಿ ಮೀನು ಇದೆ, ಕುರಿ ಇದೆ. ಎಂಟು ಜನರ ಮಧ್ಯೆ ಕುರಿ ಹೇಳೋಕೆ ಬಾಯಿ ಬರಲಿಲ್ಲ. ಅವರು ಬೇಡ ಅನ್ನಲಿಲ್ಲ, ಅನ್ನುವವರೂ ಅಲ್ಲ. ನನಗೇ ಆಗಲಿಲ್ಲ. ಮೂರು ರಾತ್ರಿ ಪನೀರ್ ತಿಂದೆ. ಮಧ್ಯಾಹ್ನ ಬಫೆಯಲ್ಲಿ ಕಂಬದ ಹಿಂದೆ ಕೂತು ಮೀನು ತಿಂದೆ, ಪರೀಕ್ಷೆಯಲ್ಲಿ ಕಾಪಿ ಹೊಡೆಯುವ ಹುಡುಗರ ಹಾಗೆ ಆ ಕಡೆ ಈ ಕಡೆ ನೋಡ್ತಾ.

ಮಾತಿನದ್ದು ಇನ್ನೊಂದು ಕಥೆ. ಮಗ ಏನು ಮಾಡ್ತಾನೆ, ಎಷ್ಟು ಬರುತ್ತೆ, ಸ್ವಂತ ಮನೆಯಾ, ಮಗಳಿಗೆ ಯಾಕೆ ಇನ್ನೂ ಮದುವೆ ಮಾಡಿಲ್ಲ. ಇದನ್ನೆಲ್ಲ ಕೇಳಿಸಿಕೊಳ್ಳೋಕೆ ಸಮುದ್ರದ ಮಧ್ಯೆ ಯಾಕೆ ಹೋಗಬೇಕು? ಒಂಟಿಕೊಪ್ಪಲಿನಲ್ಲಿ ನಮ್ಮ ನಾದಿನಿ ಮನೆಗೆ ಹೋದರೆ ಸಾಕು, ಕಾಫಿನೂ ಕೊಡ್ತಾರೆ.

ಅಲಾಸ್ಕಾಕ್ಕೆ ಹೋಗುವಾಗ ಬುದ್ಧಿ ಬಂದಿತ್ತು. ಆದರೂ ಮೊದಲ ರಾತ್ರಿ ಸಿಕ್ಕಿದ್ದು ಎಂಟು ಜನರ ಉದ್ದನೆಯ ಟೇಬಲ್. ಮದುವೆ ಮನೆ ಪಂಕ್ತಿಯಲ್ಲಿ ಕೊನೆ ಎಲೆಯ ಕಷ್ಟ ಗೊತ್ತಲ್ಲ? ಹಪ್ಪಳ ಅಲ್ಲಿಗೆ ಬರುವಷ್ಟರಲ್ಲಿ ಪುಡಿಯಾಗಿರುತ್ತೆ. ಉದ್ದನೆಯ ಟೇಬಲ್‌ನಲ್ಲಿ ಮಾತೂ ಹಾಗೇ. ಆ ತುದಿಯಲ್ಲಿ ಎಲ್ಲರೂ ನಗ್ತಾರೆ, ಈ ತುದಿಗೆ ಬರುವಷ್ಟರಲ್ಲಿ ಯಾಕೆ ನಕ್ಕರು ಅನ್ನೋದೇ ಗೊತ್ತಿರಲ್ಲ. ಯಜಮಾನರಿಗೆ ಒಂದು ಕಿವಿಗೆ ಮಷೀನ್ ಬೇರೆ. ಬೆನ್ನ ಹಿಂದೆಯೇ ವೇಟರ್‌ಗಳು ತಟ್ಟೆ ಜೋಡಿಸುವ ಜಾಗ. ಮಷೀನಿನಲ್ಲಿ ತಟ್ಟೆ ಸದ್ದು ಬಿಟ್ಟು ಇನ್ನೇನೂ ಕೇಳಿಸಲಿಲ್ಲ ಅಂದರು.

ಅವರು ಪುಣ್ಯವಂತರು. ಯಾಕೆ ಅಂದರೆ ನನ್ನ ಎದುರು ಕೂತಿದ್ದ ಹಿರಿಯರು ನಲವತ್ತು ಸಲ ಹಡಗು ಹತ್ತಿದವರು. ನಮ್ಮಲ್ಲಿ "ನೀವು ಯಾವ ಪೈಕಿ?" ಅಂತ ಬಳಸಿ ಬಳಸಿ ಕೇಳ್ತಾರಲ್ಲ, ಹಡಗಿನಲ್ಲಿ ಅದಕ್ಕೆ ಸಮ "ಇದು ನಿಮಗೆ ಎಷ್ಟನೇ ಕ್ರೂಸ್?" ಜಾಸ್ತಿ ಸಲ ಬಂದವರಿಗೆ ಗೋಲ್ಡ್, ಪ್ಲಾಟಿನಂ ಅಂತ ದರ್ಜೆ ಕೊಟ್ಟಿರ್ತಾರೆ. ನಾವು ಎರಡನೇದು ಅಂದ ತಕ್ಷಣ ಅವರ ಕ್ಲಾಸ್ ಶುರುವಾಯಿತು. ಈ ಸೂಪು ಹಿಂದಿನ ಹಡಗಿನಲ್ಲಿ ಚೆನ್ನಾಗಿತ್ತು, ಈ ಬ್ರೆಡ್ ಹತ್ತು ವರ್ಷದ ಹಿಂದೆ ಚೆನ್ನಾಗಿತ್ತು, ಅಲಾಸ್ಕಾದ ಜೂನೋ ಊರಿಗೆ ಈಗ ಹೋಗಿ ಏನೂ ಪ್ರಯೋಜನ ಇಲ್ಲ, ಮೊದಲು ನೋಡಬೇಕಿತ್ತು. ನಮ್ಮ ಮುಂದಿನ ಆರು ದಿನವನ್ನು ಅವರು ಊಟ ಮುಗಿಯುವಷ್ಟರಲ್ಲಿ ಹಳಸಲು ಮಾಡಿಬಿಟ್ಟರು.

ಇಂಥ ಹೊತ್ತಲ್ಲಿ ಏನು ಮಾಡಬೇಕು ಅಂತ ಕೇಳ್ತೀರಲ್ಲ, ಇದನ್ನು ಮಾಡಿ. ಊಟದ ಹಾಲಿಗೆ ಒಬ್ಬ ಮುಖ್ಯಸ್ಥ ಇರ್ತಾರೆ, ಮೇಟ್ರ ಡಿ ಅಂತಾರೆ. ಮೊದಲ ರಾತ್ರಿಯೇ ಊಟ ಆದ ಮೇಲೆ ಅವರ ಹತ್ತಿರ ಹೋಗಿ ಮೆಲ್ಲಗೆ ಹೇಳಿ. ಕಾರಣ ಕೇಳಲ್ಲ. ದಿನಾ ನೋಡೋದು ಅವರಿಗೆ. ಮೂರನೇ ದಿನಕ್ಕೆ ಹೇಳಿದರೆ ಖಾಲಿ ಕುರ್ಚಿ ಸಿಗೋದು ಕಷ್ಟ. ನಾವು ಕಿವಿಯ ನೆಪ ಹೇಳಿದೆವು. ಸುಳ್ಳೂ ಅಲ್ಲ. ಮಾರನೇ ದಿನ ಗೋಡೆ ಬದಿಯ ಆರು ಜನರ ಗುಂಡು ಟೇಬಲ್ ಸಿಕ್ಕಿತು. ಟೇಬಲ್ ಏನೋ ಸಿಕ್ಕಿತು, ಆದರೆ ಆ ಹಿರಿಯರು ದಿನಾ ಲಿಫ್ಟಿನಲ್ಲಿ ಸಿಗೋಕೆ ಶುರುವಾದರು. ಎರಡು ಸಾವಿರಕ್ಕೂ ಹೆಚ್ಚು ಜನ ಇರುವ ಹಡಗಿನಲ್ಲಿ ಅವರೊಬ್ಬರೇ ಹೇಗೆ ಸಿಗ್ತಾರೆ? ಐದನೇ ಮಹಡಿಯಿಂದ ಒಂಬತ್ತಕ್ಕೆ ನಾನು ಮೆಟ್ಟಿಲು ಹತ್ತಿಯೇ ಹೋಗ್ತಿದ್ದೆ. ಮಂಡಿಗೆ ಒಳ್ಳೇದು ಅಂತ ಯಜಮಾನರಿಗೆ ಹೇಳಿದ್ದೆ.

ಹೊಸ ಟೇಬಲ್‌ನಲ್ಲಿ ಇದ್ದವರು ಕೆನಡಾದ ಸಸ್ಕಾಚೆವಾನ್‌ನಿಂದ ಬಂದ ರೈತ ದಂಪತಿ, ಮತ್ತೆ ಫಿಲಿಪ್ಪೀನ್ಸಿನಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದಲ್ಲಿ ನರ್ಸ್ ಕೆಲಸ ಮಾಡಿ ನಿವೃತ್ತರಾದ ಅಕ್ಕ ತಂಗಿ. ಮೊದಲ ಹತ್ತು ನಿಮಿಷ ಹವಾಮಾನದ ಮಾತು. ಆಮೇಲೆ ಆ ರೈತರು, ನಿಮ್ಮ ಊರಲ್ಲಿ ಏನು ಬೆಳೀತಾರೆ ಅಂತ ಕೇಳಿದರು. ಕಬ್ಬು ಅಂದೆ. ಎಷ್ಟು ತಿಂಗಳ ಬೆಳೆ ಅಂದರು. ಹನ್ನೆರಡು ಅಂದಾಗ ಚಮಚ ಕೆಳಗಿಟ್ಟರು. ಅವರ ಕಡೆ ಮೇ ತಿಂಗಳಲ್ಲಿ ಗೋಧಿ ಬಿತ್ತಿದರೆ ಆಗಸ್ಟ್ ಸೆಪ್ಟೆಂಬರ್‌ಗೆ ಕೊಯ್ಲು. ಆಮೇಲೆ ಹಿಮ. ಬಿತ್ತನೆ ಮುಗಿದಿದೆ, ಕೊಯ್ಲು ಬಂದಿಲ್ಲ, ಅದಕ್ಕೇ ಜೂನ್ ಕೊನೆಗೆ ಹಡಗು ಹತ್ತಿದ್ದೇವೆ ಅಂದರು.

ನೀರು ಎಲ್ಲಿಂದ ಅಂತ ಕೇಳಿದಾಗ ನಾನು ಟೇಬಲ್ ಮೇಲೇ ತೋರಿಸಿದೆ. ಉಪ್ಪಿನ ಡಬ್ಬಿ ಕನ್ನಂಬಾಡಿ ಕಟ್ಟೆ. ಅಲ್ಲಿಂದ ಬ್ರೆಡ್ ಕಡ್ಡಿಗಳನ್ನು ಸಾಲಾಗಿಟ್ಟು ವಿ.ಸಿ. ನಾಲೆ, ಅಂದರೆ ವಿಶ್ವೇಶ್ವರಯ್ಯ ನಾಲೆ, ಎಳೆದೆ. ಸಕ್ಕರೆ ಪೊಟ್ಟಣ ಮಂಡ್ಯ. ಕಟ್ಟೆಯಲ್ಲಿ 124.80 ಅಡಿ ನೀರು ನಿಂತರೆ ಊರೆಲ್ಲ ಹಬ್ಬ, ಕಡಿಮೆ ಇದ್ದರೆ ನಾಲೆಗೆ ಕಟ್ಟು ಪದ್ಧತಿಯಲ್ಲಿ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸ್ತಾರೆ ಅಂದೆ. ಕೆಳಗಡೆ ತಮಿಳುನಾಡು ಬೇರೆ ಇದೆಯಲ್ಲ, ಅದಕ್ಕೆ ಯಜಮಾನರ ನೀರಿನ ಗ್ಲಾಸು ಇಟ್ಟೆ. ಆ ರೈತರು ಮುಂದೆ ಬಗ್ಗಿ, ನಾಲೆಯ ಕೊನೆ ಭಾಗಕ್ಕೆ ನೀರು ತಲುಪುತ್ತಾ ಅಂತ ಕೇಳಿದರು. ನೋಡಿ, ಹೊಲ ಗದ್ದೆ ಇರುವವರು ಮಾತ್ರ ಕೇಳುವ ಪ್ರಶ್ನೆ ಅದು. ಟೇಲ್ ಎಂಡ್ ರೈತರ ಗೋಳು ಹೇಳ್ತಾ ಹೇಳ್ತಾ ಊಟ ತಣ್ಣಗಾಯಿತು. ಅಷ್ಟರಲ್ಲಿ ತಂಗಿ ನರ್ಸು ಮಾತು ಕೇಳ್ತಾ ಕೇಳ್ತಾ ನಾಲೆಯನ್ನು ಮುರಿದು ಬೆಣ್ಣೆ ಹಚ್ಚಿ ತಿಂದುಬಿಟ್ಟಿದ್ದರು.

ಅಕ್ಕ ತಂಗಿಯರ ಜೊತೆ ಒಂದೇ ತೊಂದರೆ ಇತ್ತು. ಎಂಜಲು. ಅವರಿಗೆ ಅದರ ಪರಿವೆಯೇ ಇಲ್ಲ. ರುಚಿಯಾಗಿದ್ದರೆ ತಮ್ಮ ತಟ್ಟೆಯಿಂದ ತಮ್ಮ ಫೋರ್ಕಿನಲ್ಲೇ ತೆಗೆದು ಪಕ್ಕದವರ ತಟ್ಟೆಗೆ ಹಾಕ್ತಿದ್ದರು. ಯಜಮಾನರ ತಟ್ಟೆಗೆ ಒಂದು ತುಂಡು ಸಾಲ್ಮನ್ ಬಂದು ಬಿದ್ದಾಗ ಅವರ ಮುಖ ನೋಡಬೇಕಿತ್ತು. ಹೇಗೆ ಹೇಳೋದು? ಮಾರನೇ ದಿನದಿಂದ ನಾನು ವೇಟರ್‌ಗೆ ಹೇಳಿ ಯಾರೂ ಮುಟ್ಟದ ಎರಡು ತಿಂಡಿ ಹೆಚ್ಚಿಗೆ ತರಿಸಿ ಮಧ್ಯೆ ಇಡಿಸುತ್ತಿದ್ದೆ. ನಮ್ಮ ಹಡಗಿನಲ್ಲಿ ಅದಕ್ಕೆ ಬೇರೆ ದುಡ್ಡು ತಗೊಳ್ಳಲಿಲ್ಲ. ಎಲ್ಲರೂ ಅದರಿಂದಲೇ ಹಾಕಿಕೊಂಡರು. ಹಂಚಿ ತಿಂದ ಹಾಗೂ ಆಯಿತು, ಎಂಜಲೂ ತಪ್ಪಿತು.

ಇನ್ನು ಹೊತ್ತಿನ ಮಾತು. ಇದನ್ನು ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ, ನನಗೆ ಎಲ್ಲಕ್ಕಿಂತ ಮುಖ್ಯ ಇದೇ. ಟೇಬಲ್‌ನಲ್ಲಿ ಎಲ್ಲರದ್ದೂ ಮುಗಿಯುವವರೆಗೆ ಮುಂದಿನ ಬಗೆ ತರೋದಿಲ್ಲ. ಊಟಕ್ಕೆ ಒಂದೂವರೆ ಗಂಟೆ, ಒಂದೊಂದು ದಿನ ಎರಡು. ಪಂಕ್ತಿ ಊಟದಲ್ಲಿ ಪಳಗಿದ ನಮ್ಮ ಯಜಮಾನರು ಸಾರಿನಿಂದ ಮಜ್ಜಿಗೆವರೆಗೆ ಇಪ್ಪತ್ತು ನಿಮಿಷದಲ್ಲಿ ಮುಗಿಸುವ ಗಿರಾಕಿ. ಸೂಪು ಎರಡು ನಿಮಿಷಕ್ಕೆ ಖಾಲಿ ಮಾಡಿ, ಉಳಿದ ಐದು ಜನರ ಬಟ್ಟಲು ನೋಡ್ತಾ ಕೂರ್ತಿದ್ದರು. ಆದರೆ ಪಂಕ್ತಿಯಿಂದ ಮಧ್ಯೆ ಏಳಬಾರದು ಅನ್ನೋದು ಅವರ ರಕ್ತದಲ್ಲೇ ಇದೆ. ಒಂದು ಸಂಜೆ ಯಾರೋ "ತಿಮಿಂಗಿಲ!" ಅಂತ ಕೂಗಿದರು. ಜೂನ್ ಅಲ್ವಾ, ಅಲ್ಲಿ ರಾತ್ರಿ ಹತ್ತರವರೆಗೂ ಬೆಳಕು. ಇಡೀ ಹಾಲು ಎದ್ದು ಕಿಟಕಿಗೆ ಓಡಿತು. ನಮ್ಮ ಟೇಬಲ್‌ನಲ್ಲಿ ಅವರೊಬ್ಬರೇ ಕೂತಿದ್ದರು. ಊಟದ ಮಧ್ಯೆ ಏಳೋದಾ ಅಂತ.

ದಿನಾ ಬೇರೆ ಬೇರೆಯವರ ಜೊತೆ ಕೂರುವ ವ್ಯವಸ್ಥೆ ಬಗ್ಗೆಯೂ ಕೇಳ್ತಾರೆ. ಮೂರು ನಾಲ್ಕು ರಾತ್ರಿಯ ಪ್ರಯಾಣಕ್ಕೆ ಪರವಾಗಿಲ್ಲ. ಏಳು ರಾತ್ರಿಗೆ ಬೇಡ. ಎಲ್ಲಿಂದ ಬಂದಿರಿ, ಎಷ್ಟು ಮಕ್ಕಳು, ಏನು ಕೆಲಸ ಮಾಡ್ತಿದ್ದಿರಿ ಅಂತ ದಿನಾ ಮೊದಲಿಂದ ಒಪ್ಪಿಸಬೇಕು, ಮನೆಗಣತಿಗೆ ಬಂದವರ ಮುಂದೆ ಒಪ್ಪಿಸಿದ ಹಾಗೆ. ಅದೇ ಜನ ಇದ್ದರೆ ಮೂರನೇ ದಿನಕ್ಕೆ ಮಾತು ತಾನಾಗಿ ಸಿಗುತ್ತದೆ. ಬೆಳಿಗ್ಗೆ ಸ್ಕ್ಯಾಗ್ವೇಯಲ್ಲಿ ರೈಲು ಹತ್ತಿದಿರಾ, ಕೆಚಿಕಾನಿನ ಮಳೆಯಲ್ಲಿ ನೆಂದಿರಾ ಅಂತ ಕೇಳುವವರು ಇರ್ತಾರೆ.

ಕೊನೇ ರಾತ್ರಿ ಮಾತ್ರ ಯಾವ ಟೇಬಲ್ಲೂ ತುಂಬಲ್ಲ. 1886ರ ಅಮೆರಿಕದ ಒಂದು ಕಾಯಿದೆ ಪ್ರಕಾರ ಬೇರೆ ದೇಶದ ಬಾವುಟದ ಹಡಗು ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಬರಬೇಕಾದರೆ ಮಧ್ಯೆ ಪರದೇಶದ ಒಂದು ಬಂದರಿಗೆ ಹೋಗಲೇಬೇಕು. ಅದಕ್ಕೆ ಕೆನಡಾದ ವಿಕ್ಟೋರಿಯಾದಲ್ಲಿ ಸಂಜೆ ನಿಲ್ಲಿಸ್ತಾರೆ. ನಾವು ಅದಕ್ಕಾಗಿ ಕೆನಡಾ ವೀಸಾನೂ ಮಾಡಿಸಿಕೊಂಡಿದ್ದೆವು. ಎಲ್ಲರೂ ಬಫೆಯಲ್ಲಿ ಏನೋ ತಿಂದು ಇಳಿದುಹೋದರು. ಯಜಮಾನರು ಟೇಬಲ್ ಬಿಡೋದಿಲ್ಲ ಅಂದರು. ಆರು ಜನರ ಗುಂಡು ಟೇಬಲ್‌ನಲ್ಲಿ ನಾವಿಬ್ಬರೇ. ಸೂಪು ಬಂತು. ಅವರು ಉಪ್ಪಿನ ಡಬ್ಬಿ ನೋಡಿದರು, ನನ್ನ ನೋಡಿದರು. ಅವರು ಬಾಯಿ ಬಿಡುವ ಮೊದಲೇ "ಆಫ್ ಮಾಡಿದ್ದೀನಿ" ಅಂದೆ.

ಹೋದ ವಾರ ಕೆರೆ ಏರಿ ಮೇಲೆ ಈ ಪ್ರಶ್ನೆ ಕೇಳಿದವರಿಗೆ ಇಷ್ಟೂ ಹೇಳಿದೆ, ಎರಡು ಸುತ್ತು ಹಾಕ್ತಾ. ತಲೆ ಅಲ್ಲಾಡಿಸಿ ಕೇಳಿದರು. ನಿನ್ನೆ ಸಿಕ್ಕಿ, ಇಬ್ಬರದ್ದೇ ಟೇಬಲ್ ಬುಕ್ ಮಾಡಿದ್ವಿ ಮೇಡಂ, ಸುಮ್ನೆ ಯಾಕೆ ರಗಳೆ ಅಂದರು. ಹೊರಡುವಾಗ ಮೋಟ್ರಿನ ಸ್ವಿಚ್ಚಿನದೊಂದು ಫೋಟೋ ತೆಗೆದು ಇಟ್ಟುಕೊಳ್ಳಿ ಅಂತ ಹೇಳಿದ್ದೀನಿ.