ಡಂಕರ್ಕ್ ನೋಡಿ ಬಂದೆ, ಕಿವಿ ಇನ್ನೂ ಗುಂಯ್ ಅಂತಿದೆ

ನಿನ್ನೆ ರಾತ್ರಿ ತಮ್ಮನ ಜೊತೆ ‘ಡಂಕರ್ಕ್’ ನೋಡಿ ಬಂದೆ. ಯುದ್ಧದ ಸಿನಿಮಾ ಅಂದ್ರೆ ಭಾಷಣ, ಬಾವುಟ, ಗೆಲುವು ಅಂದುಕೊಂಡು ಹೋಗಿದ್ದೆ. ಇಲ್ಲಿ ಅದೇನೂ ಇಲ್ಲ. 1940ರಲ್ಲಿ, ಎರಡನೇ ಮಹಾಯುದ್ಧದ ಹೊತ್ತಿಗೆ, ಫ್ರಾನ್ಸಿನ ಡಂಕರ್ಕ್ ಕಡಲ ದಂಡೆಯಲ್ಲಿ ಸಿಕ್ಕಿಹಾಕಿಕೊಂಡ ಬ್ರಿಟಿಷ್ ಸೈನಿಕರು ಹಡಗಿಗಾಗಿ ಸಾಲಾಗಿ ನಿಂತು ಕಾಯುತ್ತಾರೆ, ಮೇಲಿಂದ ವಿಮಾನ ಕಿರುಚಿಕೊಂಡು ಬಂದಾಗ ಓಡಲು ಜಾಗವಿಲ್ಲದೆ ಮರಳಿನಲ್ಲಿ ಮುಖ ಹುದುಗಿಸಿ ಮಲಗುತ್ತಾರೆ, ಅದು ಹೋದಮೇಲೆ ಎದ್ದವರು ಮತ್ತೆ ಅದೇ ಸಾಲಿಗೆ! ನನ್ನ ಪಾಪ್‌ಕಾರ್ನ್ ಹಾಗೇ ಉಳಿಯಿತು.

ಸಿನಿಮಾದಲ್ಲಿ ಮೂರು ಕಥೆ: ದಂಡೆಯದು ಒಂದು ವಾರದ್ದು, ದೋಣಿಯದು ಒಂದು ದಿನದ್ದು, ವಿಮಾನದ್ದು ಒಂದು ಗಂಟೆಯದು. ಮೂರನ್ನೂ ಹೆಣೆದಿದ್ದಾರೆ ಅಂತ ಅರ್ಧ ಸಿನಿಮಾದವರೆಗೂ ನನಗೆ ಹೊಳೆಯಲೇ ಇಲ್ಲ. ತಮ್ಮನಿಗೆ ಬೇಗ ಹೊಳೆದಿತ್ತಂತೆ, ಸುಮ್ನೆ ಬಡಾಯಿ ಇರಬೇಕು.

ಒಂದೇ ಬೇಜಾರು. ನಿಜವಾದ ಡಂಕರ್ಕ್‌ನಲ್ಲಿ ಸಾಮಾನು ಹೊರುವ ಹೇಸರಗತ್ತೆಗಳ ಜೊತೆ ಭಾರತದ ಸೈನಿಕರೂ ಇದ್ದರು. ತೆರೆಯ ಮೇಲೆ ಅವರ ಸುಳಿವೇ ಇಲ್ಲ.